ಫಾಂಟ್ ಪಟ್ಟಿ ಉದ್ದವಾದಾಗ: ಕನ್ನಡ ಡಿಟಿಪಿ ಮಾಡುವವರಿಗೆ ಒಂದು ಕೆಲಸದ ಕ್ರಮ

ದಾವಣಗೆರೆಯ ಯಾವುದಾದರೂ ಡಿಟಿಪಿ (ಕಂಪ್ಯೂಟರ್‌ನಲ್ಲಿ ಪುಟ ಜೋಡಿಸುವ) ಅಂಗಡಿಯಲ್ಲಿ ಡಿಸೈನ್ ಸಾಫ್ಟ್‌ವೇರ್ ಕೋರಲ್‌ಡ್ರಾ ತೆರೆದು, ಫಾಂಟ್ ಅಂದರೆ ಅಕ್ಷರ ವಿನ್ಯಾಸಗಳ ಪಟ್ಟಿ ಒತ್ತಿ ನೋಡಿ. ಎಷ್ಟು ಸ್ಕ್ರೋಲ್ ಮಾಡಿದರೂ ಮುಗಿಯುವುದಿಲ್ಲ. ನುಡಿ, ಬರಹ, ಶ್ರೀಲಿಪಿ, ಆಕೃತಿ ಅನ್ನುವ ಕನ್ನಡ ಸಾಫ್ಟ್‌ವೇರ್‌ಗಳದ್ದು, ಗೂಗಲ್‌ನಿಂದ ಇಳಿಸಿಕೊಂಡಿದ್ದು, ವಿಂಡೋಸ್ ಜೊತೆ ಬಂದಿದ್ದು, ಯಾರೋ ಪೆನ್‌ಡ್ರೈವ್‌ನಲ್ಲಿ ತಂದುಕೊಟ್ಟಿದ್ದು, ಎಲ್ಲವೂ ಒಂದೇ ಸಾಲಿನಲ್ಲಿ ನಿಂತಿರುತ್ತವೆ. ಪಕ್ಕದ ಕುರ್ಚಿಯಲ್ಲಿ ಲಗ್ನಪತ್ರಿಕೆ ಮಾಡಿಸಲು ಬಂದವರು ಕೂತಿರುತ್ತಾರೆ. ‘ಅಣ್ಣಾ, ಆಗ್ಲೇ ತೋರಿಸಿದ್ರಲ್ರೀ, ಅದೇ ಚೆನ್ನಾಗಿತ್ತು’ ಅಂತಾರೆ. ಆಗಲೇ ತೋರಿಸಿದ್ದು ಯಾವುದು ಅಂತ ಮತ್ತೆ ಮೇಲಿಂದ ಕೆಳಗೆ ಹುಡುಕಬೇಕು.

ಹೋಗುವುದು ಸಮಯ ಮಾತ್ರ ಅಲ್ಲ. ಪಟ್ಟಿ ಉದ್ದವಾದಷ್ಟೂ ಕೈ ತನಗೆ ಗೊತ್ತಿರುವ ನಾಲ್ಕೇ ಫಾಂಟ್‌ಗೆ ಹೋಗುತ್ತದೆ. ಒಳ್ಳೆಯ ಫಾಂಟ್‌ಗಳು ಕಂಪ್ಯೂಟರ್‌ನಲ್ಲೇ ಇದ್ದೂ ಬಳಕೆಗೆ ಬರುವುದಿಲ್ಲ. ಊರಿನ ಎಲ್ಲ ಬ್ಯಾನರ್‌ಗಳೂ ಒಂದೇ ಥರ ಕಾಣುವುದಕ್ಕೆ ಇದೂ ಒಂದು ಕಾರಣ ಅಂತ ನನಗೆ ಅನ್ನಿಸುತ್ತದೆ.

ಇದಕ್ಕೆ ಪರಿಹಾರ ಅಂದರೆ ಸಿಕ್ಕಿದ್ದನ್ನೆಲ್ಲ ಅಳಿಸುವುದು ಅಂತ ಬಹಳ ಜನ ತಿಳಿದಿದ್ದಾರೆ. ಹಾಗೆ ಮಾಡಬೇಡಿ. ಕನ್ನಡದ ಕೆಲಸದಲ್ಲಿ ಅದು ಅಪಾಯ. ಮಂಡಿಪೇಟೆಯ ವ್ಯಾಪಾರಿಗಳು ಗೋಡೌನ್‌ನ ಸರಕನ್ನೆಲ್ಲ ತಂದು ಅಂಗಡಿಯ ಮುಂದೆ ಸುರಿಯುವುದಿಲ್ಲ, ಹಾಗಂತ ಎಸೆಯುವುದೂ ಇಲ್ಲ. ದಿನಾ ಮಾರಾಟವಾಗುವುದು ಮುಂದೆ, ಉಳಿದದ್ದು ಒಳಗೆ. ಫಾಂಟ್‌ಗೂ ಇದೇ ಕ್ರಮ ಬೇಕು.

ಮೊದಲು ತಿಳಿಯಬೇಕಾದ್ದು: ಆಸ್ಕಿ ಬೇರೆ, ಯೂನಿಕೋಡ್ ಬೇರೆ

ಇಂಗ್ಲಿಷ್ ಡಿಸೈನರ್‌ಗಳಿಗಾಗಿ ಬರೆದ ಸಲಹೆಗಳು ನಮಗೆ ಅರ್ಧ ಮಾತ್ರ ಉಪಯೋಗಕ್ಕೆ ಬರುತ್ತವೆ. ಯಾಕೆಂದರೆ ನಮ್ಮ ಕಂಪ್ಯೂಟರ್‌ನಲ್ಲಿ ಎರಡು ಜಾತಿಯ ಕನ್ನಡ ಫಾಂಟ್‌ಗಳಿವೆ.

ಯೂನಿಕೋಡ್ ಅಂದರೆ ಪ್ರತಿ ಭಾಷೆಯ ಅಕ್ಷರಕ್ಕೂ ಅದರದೇ ಸಂಕೇತ ಕೊಡುವ, ಎಲ್ಲ ಕಂಪ್ಯೂಟರ್‌ಗೂ ಒಂದೇ ಆದ ವ್ಯವಸ್ಥೆ. ಅದರಲ್ಲಿ 1991ರ ಮೊದಲ ಆವೃತ್ತಿಯಿಂದಲೇ ಕನ್ನಡಕ್ಕೆ ಜಾಗವಿತ್ತು. ಆದರೆ ವಿಂಡೋಸ್‌ನಲ್ಲಿ ಕನ್ನಡ ಸರಿಯಾಗಿ ಕಾಣತೊಡಗಿದ್ದು 2001ರ ಎಕ್ಸ್‌ಪಿ ಬಂದ ಮೇಲೆ, ತುಂಗಾ ಫಾಂಟ್ ಜೊತೆಗೆ. ಅಷ್ಟರಲ್ಲಿ ನಮ್ಮ ಪ್ರೆಸ್‌ಗಳು, ಡಿಟಿಪಿ ಅಂಗಡಿಗಳು ಪೇಜ್‌ಮೇಕರ್ ಅನ್ನುವ ಪುಟ ಜೋಡಿಸುವ ಸಾಫ್ಟ್‌ವೇರ್‌ನಲ್ಲಿ ಕನ್ನಡದ ಕೆಲಸ ಎಷ್ಟೋ ಮಾಡಿ ಮುಗಿಸಿದ್ದವು. ಅದಕ್ಕೆ ಬಳಸಿದ್ದು ಆಸ್ಕಿ ಫಾಂಟ್. ಅಂದರೆ, ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕನ್ನಡದ ತಲೆಕಟ್ಟು, ಕೊಂಬು, ಒತ್ತುಗಳನ್ನು ಕೂರಿಸಿದ ಫಾಂಟ್. ನಮ್ಮ ಕಣ್ಣಿಗೆ ಅದು ಕನ್ನಡ. ಕಂಪ್ಯೂಟರ್‌ಗೆ ಅದು ಇಂಗ್ಲಿಷ್.

ಈ ಒಂದು ವಿಷಯ ತಿಳಿದರೆ ಮೂರು ಸಂಗತಿ ಅರ್ಥವಾಗುತ್ತವೆ.

ಒಂದು, ಫಾಂಟ್ ಪಟ್ಟಿಯಲ್ಲಿ ಭಾಷೆ ನೋಡಿ ಸೋಸುವ ಸೌಲಭ್ಯ ಇದ್ದರೂ ಅದು ನುಡಿ, ಬರಹದ ಹಳೇ ಫಾಂಟ್‌ಗಳನ್ನು ಹಿಡಿಯುವುದಿಲ್ಲ. ‘ಕನ್ನಡ’ ಅಂತ ಆರಿಸಿದರೆ ಯೂನಿಕೋಡ್ ಫಾಂಟ್‌ಗಳು ಮಾತ್ರ ಬರುತ್ತವೆ. ಹೀಗಾಗಿ ಆಸ್ಕಿ ಫಾಂಟ್‌ಗಳ ಗುಂಪನ್ನು ನಾವೇ ಕೈಯಾರೆ ಮಾಡಬೇಕು.

ಎರಡು, ಆಸ್ಕಿ ಫಾಂಟ್ ಅಳಿಸಿಬಿಟ್ಟರೆ ಹಳೇ ಫೈಲಿನ ಅಕ್ಷರಗಳು ಸುಮ್ನೆ ಬೇರೆ ಕನ್ನಡ ಫಾಂಟ್‌ಗೆ ಬದಲಾಗುವುದಿಲ್ಲ. ಇಡೀ ಮ್ಯಾಟರ್ ಓದಲಾಗದ ಇಂಗ್ಲಿಷ್ ಅಕ್ಷರಗಳ ಸಾಲಾಗುತ್ತದೆ. ಯೂನಿಕೋಡ್ ಫೈಲಿನಲ್ಲಿ ಫಾಂಟ್ ಕಳೆದುಹೋದರೆ ರೂಪ ಕೆಡುತ್ತದೆ, ಮಾತು ಉಳಿಯುತ್ತದೆ. ಆಸ್ಕಿಯಲ್ಲಿ ಹಾಗಲ್ಲ.

ಮೂರು, ಆಸ್ಕಿ ಫಾಂಟ್‌ಗಳಲ್ಲೂ ಒಂದೊಂದು ಕಂಪನಿಯದು ಒಂದೊಂದು ಲೆಕ್ಕ. ಕನ್ನಡ ಗಣಕ ಪರಿಷತ್ತಿನ ನುಡಿ ಫಾಂಟ್‌ಗಳು ಮತ್ತು ಬಿಆರ್‌ಎಚ್ ಅಂತ ಹೆಸರು ಶುರುವಾಗುವ ಬರಹ ಫಾಂಟ್‌ಗಳು ಒಂದೇ ಸಂಕೇತ ಬಳಸುತ್ತವೆ. ನುಡಿಯಲ್ಲಿ ಹೊಡೆದ ಮ್ಯಾಟರ್‌ಗೆ ಬಿಆರ್‌ಎಚ್ ಕನ್ನಡ ಹಾಕಿದರೆ ಓದಬಹುದು. ಅದೇ ಮ್ಯಾಟರ್‌ಗೆ ಶ್ರೀಲಿಪಿಯ ಫಾಂಟ್ ಹಾಕಿದರೆ ಅಕ್ಷರ ಕಲಸಿಹೋಗುತ್ತದೆ. ಗುಂಪು ಮಾಡುವಾಗ ನುಡಿ ಮತ್ತು ಬರಹ ಒಂದು ಕಡೆ, ಶ್ರೀಲಿಪಿ ಬೇರೆ, ಆಕೃತಿ ಬೇರೆ ಇಡಿ.

ಯಾವುದು ಆಸ್ಕಿ, ಯಾವುದು ಯೂನಿಕೋಡ್ ಅಂತ ಗೊತ್ತಾಗದಿದ್ದರೆ ಸುಲಭದ ಪರೀಕ್ಷೆ ಇದೆ. ಕೀಬೋರ್ಡ್ ಇಂಗ್ಲಿಷ್‌ನಲ್ಲೇ ಇಟ್ಟು ನಾಲ್ಕು ಅಕ್ಷರ ಹೊಡೆದು ಆ ಫಾಂಟ್ ಹಾಕಿ. ಕನ್ನಡದ ತುಂಡುಗಳು ಕಂಡರೆ ಅದು ಆಸ್ಕಿ. ಪಟ್ಟಿಯಲ್ಲಿ ಫಾಂಟ್‌ನ ಹೆಸರೇ ಅರ್ಥವಿಲ್ಲದ ಕನ್ನಡ ಅಕ್ಷರಗಳಾಗಿ ಕಾಣುತ್ತಿದ್ದರೂ ಅದೇ ಗುರುತು.

ಹೆಜ್ಜೆ 1: ಎಲ್ಲವನ್ನೂ ನಕಲು ಮಾಡಿಡಿ

ಯಾವುದನ್ನೂ ಮುಟ್ಟುವ ಮೊದಲು ಡಿ ಡ್ರೈವ್‌ನಲ್ಲಿ ‘ಫಾಂಟ್ ಗೋಡೌನ್’ ಅಂತ ಒಂದು ಫೋಲ್ಡರ್ ಮಾಡಿ. ಸಿ ಡ್ರೈವ್‌ನಲ್ಲಿ ವಿಂಡೋಸ್, ಅದರೊಳಗೆ ಫಾಂಟ್ಸ್ ಫೋಲ್ಡರ್ ತೆರೆದು ಎಲ್ಲ ಆರಿಸಿ ಇಲ್ಲಿಗೆ ಕಾಪಿ ಮಾಡಿ.

ಇಷ್ಟಕ್ಕೇ ಮುಗಿಯಲಿಲ್ಲ. ವಿಂಡೋಸ್ 10ರ 2018ರ ಅಪ್‌ಡೇಟ್ ಬಂದ ಮೇಲೆ ಫಾಂಟ್‌ಗಳು ಎರಡು ಕಡೆ ಕೂರುತ್ತವೆ. ಫಾಂಟ್ ಫೈಲಿನ ಮೇಲೆ ಬಲ ಕ್ಲಿಕ್ ಮಾಡಿ ಬರೀ ‘ಇನ್‌ಸ್ಟಾಲ್’ ಒತ್ತಿದರೆ ಅದು ಆ ಬಳಕೆದಾರರಿಗೆ ಮಾತ್ರ ಸೇರುತ್ತದೆ. ಅದರ ಜಾಗ: ಸಿ ಡ್ರೈವ್, ಯೂಸರ್ಸ್, ನಿಮ್ಮ ಲಾಗಿನ್ ಹೆಸರು, ಆಪ್‌ಡೇಟಾ, ಲೋಕಲ್, ಮೈಕ್ರೋಸಾಫ್ಟ್, ವಿಂಡೋಸ್, ಫಾಂಟ್ಸ್. ಆಪ್‌ಡೇಟಾ ಫೋಲ್ಡರ್ ಮರೆಯಲ್ಲಿರುತ್ತದೆ. ಎಕ್ಸ್‌ಪ್ಲೋರರ್‌ನ ವ್ಯೂ ಮೆನುವಿನಲ್ಲಿ ‘ಹಿಡನ್ ಐಟಮ್ಸ್’ ಟಿಕ್ ಮಾಡಿದರೆ ಕಾಣುತ್ತದೆ. ಅದನ್ನೂ ಕಾಪಿ ಮಾಡಿ.

ಫಾಂಟ್ ಹಾಕಿದ್ದೀನಿ, ಆದರೂ ಪಟ್ಟಿಯಲ್ಲಿ ಬರುತ್ತಿಲ್ಲ ಅನ್ನುವ ದೂರಿನ ಬೇರು ಬಹಳ ಸಲ ಇಲ್ಲೇ ಇರುತ್ತದೆ. ಹಳೇ ಸಾಫ್ಟ್‌ವೇರ್‌ಗಳು ಈ ಎರಡನೇ ಜಾಗವನ್ನು ನೋಡುವುದಿಲ್ಲ. ಆಗ ‘ಇನ್‌ಸ್ಟಾಲ್ ಫಾರ್ ಆಲ್ ಯೂಸರ್ಸ್’ ಅಂತ ಹಾಕಬೇಕು.

ಗೋಡೌನ್ ಫೋಲ್ಡರ್‌ನ ಇನ್ನೊಂದು ನಕಲನ್ನು ಹೊರಗಿನ ಹಾರ್ಡ್‌ಡಿಸ್ಕ್‌ನಲ್ಲೋ ಪೆನ್‌ಡ್ರೈವ್‌ನಲ್ಲೋ ಇಡಿ. ಫಾಂಟ್ ಫೈಲುಗಳು ಚಿಕ್ಕವು, ಜಾಗ ಜಾಸ್ತಿ ಹಿಡಿಯುವುದಿಲ್ಲ.

ಹೆಜ್ಜೆ 2: ಹಳೇ ಕೆಲಸಗಳು ಯಾವ ಫಾಂಟ್ ಕೇಳುತ್ತವೆ?

ನಮ್ಮಲ್ಲಿ ಕೆಲಸಗಳು ತಿರುಗಿ ತಿರುಗಿ ಬರುತ್ತವೆ. ದಾವಣಗೆರೆಯ ದುಗ್ಗಮ್ಮನ ಜಾತ್ರೆ ಎರಡು ವರ್ಷಕ್ಕೊಮ್ಮೆ. ಹೋದ ಜಾತ್ರೆಯ ಬ್ಯಾನರ್ ಫೈಲನ್ನು ಎರಡು ವರ್ಷ ಯಾರೂ ತೆರೆದಿರುವುದಿಲ್ಲ. ಜಾತ್ರೆ ಹತ್ತಿರ ಬಂದಾಗ ‘ಅದೇ ಥರ ಮಾಡ್ಕೊಡ್ರಿ, ಹೆಸರು ಅಷ್ಟೇ ಬದಲು’ ಅಂತ ಬರುತ್ತಾರೆ. ಅಡಿಕೆ ಮಂಡಿಯ ಬಿಲ್ ಬುಕ್, ಶಾಲೆಯ ಅಂಕಪಟ್ಟಿ, ಸಂಘದ ಲೆಟರ್‌ಹೆಡ್ ಎಲ್ಲ ಇದೇ ಜಾತಿ. ಆದ್ದರಿಂದ ‘ಈ ವರ್ಷ ಬಳಸಿಲ್ಲ, ತೆಗೆಯೋಣ’ ಅನ್ನುವ ಲೆಕ್ಕ ಇಲ್ಲಿ ನಡೆಯುವುದಿಲ್ಲ. ಫೈಲುಗಳನ್ನೇ ಕೇಳಬೇಕು.

ಕೋರಲ್‌ಡ್ರಾದಲ್ಲಿ ಫೈಲ್ ಮೆನುವಿನ ‘ಡಾಕ್ಯುಮೆಂಟ್ ಪ್ರಾಪರ್ಟೀಸ್’ ತೆರೆದರೆ ಆ ಫೈಲಿನಲ್ಲಿ ಬಳಸಿದ ಫಾಂಟ್‌ಗಳ ಹೆಸರು ಬರುತ್ತದೆ. ಅಡೋಬಿ ಕಂಪನಿಯ ಇನ್‌ಡಿಸೈನ್ ಮತ್ತು ಇಲ್ಲಸ್ಟ್ರೇಟರ್‌ನಲ್ಲಿ ಟೈಪ್ ಮೆನುವಿನ ‘ಫೈಂಡ್ ಫಾಂಟ್’ ಇದೆ. ಹೊಸ ಆವೃತ್ತಿಗಳಲ್ಲಿ ಹೆಸರು ‘ಫೈಂಡ್ ರಿಪ್ಲೇಸ್ ಫಾಂಟ್’. ಪೇಜ್‌ಮೇಕರ್‌ನಲ್ಲಿ ಯುಟಿಲಿಟೀಸ್ ಮೆನುವಿನ ಪ್ಲಗ್‌ಇನ್‌ಗಳ ಸಾಲಿನಲ್ಲಿ ‘ಪಬ್ ಇನ್ಫೋ’ ಹುಡುಕಿ.

ಎಲ್ಲ ಫೈಲನ್ನೂ ತೆರೆಯಬೇಕಿಲ್ಲ. ಪದೇ ಪದೇ ಬರುವ ಗಿರಾಕಿಗಳ ಕೆಲಸಗಳನ್ನು ಮಾತ್ರ ನೋಡಿ. ಒಂದು ನೋಟ್‌ಬುಕ್‌ನಲ್ಲಿ ಎಡಕ್ಕೆ ಗಿರಾಕಿ ಹೆಸರು, ಬಲಕ್ಕೆ ಫಾಂಟ್ ಹೆಸರು ಬರೆದುಕೊಳ್ಳಿ. ಅದೇ ಫಾಂಟ್‌ಗಳು ಮತ್ತೆ ಮತ್ತೆ ಬರುವುದು ನಿಮಗೇ ಕಾಣುತ್ತದೆ.

ಹೆಜ್ಜೆ 3: ಒಂದೇ ಸಾಲಿನಿಂದ ಎಲ್ಲ ಫಾಂಟ್ ಪರೀಕ್ಷಿಸಿ

ಈಗ ಆಯ್ಕೆ. ಯೂನಿಕೋಡ್ ಫಾಂಟ್‌ಗಳಿಗೆ ನಾನು ಹೇಳುವ ಸಾಲು ಇದು:

ಶ್ರೀ ದುರ್ಗಾಂಬಿಕಾ ಜಾತ್ರೆ, ರಾಷ್ಟ್ರ, ಕೃಷ್ಣ, ಸ್ವಾತಂತ್ರ್ಯ, ₹ 1,250

ಈ ಸಾಲಿನಲ್ಲಿ ಪ್ರತಿ ಪದಕ್ಕೂ ಒಂದು ಕೆಲಸ ಇದೆ. ‘ಶ್ರೀ’ ನಮ್ಮ ಪ್ರತಿ ಪತ್ರಿಕೆಯ ಮೊದಲ ಅಕ್ಷರ, ಅದು ಚೆನ್ನಾಗಿ ಕಾಣದ ಫಾಂಟ್ ಲಗ್ನಪತ್ರಿಕೆಗೆ ಬೇಡವೇ ಬೇಡ. ‘ದುರ್ಗಾಂಬಿಕಾ’ದಲ್ಲಿ ಅರ್ಕಾವತ್ತು ಮತ್ತು ದೀರ್ಘ ಒಟ್ಟಿಗೆ ಬರುತ್ತವೆ, ಕೆಲವು ಫಾಂಟ್‌ಗಳಲ್ಲಿ ಅವು ಒಂದಕ್ಕೊಂದು ತಾಗುತ್ತವೆ. ‘ರಾಷ್ಟ್ರ’ದಲ್ಲಿ ಒತ್ತಿನ ಜೊತೆ ಇನ್ನೊಂದು ಒತ್ತು. ‘ಸ್ವಾತಂತ್ರ್ಯ’ದಲ್ಲೂ ಹಾಗೇ. ಎರಡನೇ ಒತ್ತು ತುಂಬ ಕೆಳಗೆ ಇಳಿಯುವ ಫಾಂಟ್‌ನಲ್ಲಿ ಸಾಲುಗಳ ನಡುವೆ ಅಂತರ ಜಾಸ್ತಿ ಕೊಡಬೇಕಾಗುತ್ತದೆ, ಬಿಲ್ ಬುಕ್‌ನಂಥ ಇಕ್ಕಟ್ಟಿನ ಕೆಲಸಕ್ಕೆ ಅದು ಆಗುವುದಿಲ್ಲ.

ಕೊನೆಯ ರೂಪಾಯಿ ಚಿಹ್ನೆಯನ್ನು ಮರೆಯಬೇಡಿ. ಅದು ಬಂದದ್ದೇ 2010ರಲ್ಲಿ. ಅದಕ್ಕಿಂತ ಮೊದಲು ಮಾಡಿ ಆಮೇಲೆ ತಿದ್ದದ ಫಾಂಟ್‌ಗಳಲ್ಲಿ ಆ ಚಿಹ್ನೆ ಇರುವುದಿಲ್ಲ. ಆಸ್ಕಿ ಫಾಂಟ್‌ಗಳಲ್ಲೂ ಇದನ್ನು ನೋಡಲೇಬೇಕು. ಬೆಲೆ ಹಾಕುವ ಕರಪತ್ರಗಳಿಗೆ ರೂಪಾಯಿ ಚಿಹ್ನೆಗಾಗಿಯೇ ಬೇರೆ ಫಾಂಟ್ ಹುಡುಕುವ ಕೆಲಸ ಆಗ ತಪ್ಪುತ್ತದೆ.

ಫಾಂಟ್ ಅನ್ನು ಕೆಟ್ಟದ್ದು ಅಂತ ತಳ್ಳುವ ಮೊದಲು ಒಂದು ಎಚ್ಚರಿಕೆ. ಒತ್ತಕ್ಷರಗಳು ಬಿಡಿಬಿಡಿಯಾಗಿ ಕಂಡರೆ ಅದು ಬಹಳ ಸಲ ಫಾಂಟ್‌ನ ತಪ್ಪಲ್ಲ, ಸಾಫ್ಟ್‌ವೇರ್‌ನ ಸೆಟ್ಟಿಂಗ್‌ದು. ಫೋಟೋಶಾಪ್‌ನ 2022ಕ್ಕಿಂತ ಹಿಂದಿನ ಆವೃತ್ತಿಗಳಲ್ಲಿ ಪ್ರಿಫರೆನ್ಸಸ್‌ನ ಟೈಪ್ ವಿಭಾಗಕ್ಕೆ ಹೋಗಿ ಟೆಕ್ಸ್ಟ್ ಎಂಜಿನ್ ಅನ್ನು ‘ಮಿಡಲ್ ಈಸ್ಟರ್ನ್ ಅಂಡ್ ಸೌತ್ ಏಷ್ಯನ್’ ಮಾಡಬೇಕು. ಆಮೇಲೆ ಪ್ಯಾರಾಗ್ರಾಫ್ ಪ್ಯಾನೆಲ್‌ನ ಮೆನುವಿನಲ್ಲಿ ‘ವರ್ಲ್ಡ್ ರೆಡಿ ಲೇಔಟ್’ ಆರಿಸಬೇಕು. ಇನ್‌ಡಿಸೈನ್‌ನಲ್ಲಿ ಅದೇ ಪ್ಯಾನೆಲ್‌ನ ಮೆನುವಿನಲ್ಲಿ ‘ಅಡೋಬಿ ವರ್ಲ್ಡ್ ರೆಡಿ ಪ್ಯಾರಾಗ್ರಾಫ್ ಕಂಪೋಸರ್’ ಇದೆ. ಇದನ್ನು ಮಾಡಿದ ಮೇಲೂ ಒತ್ತು ಕೂರದಿದ್ದರೆ ಆಗ ಫಾಂಟ್ ಬಿಡಿ. ಪೇಜ್‌ಮೇಕರ್‌ನಲ್ಲಿ ಮಾತ್ರ ಯೂನಿಕೋಡ್ ಪ್ರಯತ್ನ ಬೇಡ. ಅದರ ಕೊನೆಯ ಆವೃತ್ತಿ 7, ಬಂದದ್ದು 2001ರಲ್ಲಿ, ಅದು ಯೂನಿಕೋಡ್ ಕನ್ನಡವನ್ನು ತಿಳಿಯುವುದಿಲ್ಲ.

ಪರದೆಯ ಮೇಲೆ ನೋಡಿ ನಿರ್ಧಾರ ಮಾಡಬೇಡಿ. ನಿಮಗೆ ಒಪ್ಪಿಗೆಯಾದ ಫಾಂಟ್‌ಗಳಲ್ಲಿ ಇದೇ ಸಾಲನ್ನು ಹಾಕಿ, ಎದುರಿಗೆ ಫಾಂಟ್‌ನ ಹೆಸರು ಹಾಕಿ, ಎ4 ಹಾಳೆಗಳಲ್ಲಿ ಪ್ರಿಂಟ್ ತೆಗೆಯಿರಿ. ದೊಡ್ಡದು, ನಡುವಿನದು, 9 ಪಾಯಿಂಟ್, ಹೀಗೆ ಮೂರು ಗಾತ್ರ. ಎಳೆ ತೆಳುವಾದ ಫಾಂಟ್ ಸ್ಕ್ರೀನ್ ಪ್ರಿಂಟಿಂಗ್‌ನಲ್ಲಿ, ಚಿನ್ನದ ಬಣ್ಣದ ಫಾಯಿಲ್‌ನಲ್ಲಿ ತುಂಡಾಗುತ್ತದೆ. ಒಳಜಾಗ ಕಮ್ಮಿ ಇರುವ ದಪ್ಪ ಫಾಂಟ್ ಚಿಕ್ಕ ಗಾತ್ರದಲ್ಲಿ ಕಪ್ಪು ಮುದ್ದೆಯಾಗುತ್ತದೆ. ಇದು ಕಾಗದದ ಮೇಲೆ ಮಾತ್ರ ಗೊತ್ತಾಗುವುದು. ಈ ಹಾಳೆಗಳನ್ನು ಲ್ಯಾಮಿನೇಟ್ ಮಾಡಿ ಕೌಂಟರ್‌ನಲ್ಲಿ ಇಟ್ಟರೆ ಗಿರಾಕಿ ಬೆರಳಿಟ್ಟು ತೋರಿಸುತ್ತಾರೆ, ನೀವು ಪಟ್ಟಿ ಸ್ಕ್ರೋಲ್ ಮಾಡುವುದೇ ಬೇಡ. ಈ ಲೇಖನದಲ್ಲಿ ಬೇರೆ ಏನೂ ಮಾಡದಿದ್ದರೂ ಇದೊಂದನ್ನು ಮಾಡಿ.

ಯೂನಿಕೋಡ್‌ನಲ್ಲಿ ಎಲ್ಲಿಂದ ಶುರುಮಾಡುವುದು ಅಂತ ಕೇಳಿದರೆ: ಪುಸ್ತಕ, ಸ್ಮರಣ ಸಂಚಿಕೆಯ ಮ್ಯಾಟರ್‌ಗೆ ನೋಟೋ ಸೆರಿಫ್ ಕನ್ನಡ ಅಥವಾ ಟೈರೋ ಕನ್ನಡ. ಬ್ಯಾನರ್‌ಗೆ ಬಾಲೂ ತಮ್ಮ 2, ಅನೇಕ್ ಕನ್ನಡ. ದಾವಣಗೆರೆಯವರಿಗೆ ಹತ್ತಿರದ ಹೆಸರಿನ ಬೆಣ್ಣೆ ಅನ್ನುವುದೂ ಇದೆ. ಇವೆಲ್ಲ ಗೂಗಲ್ ಫಾಂಟ್ಸ್‌ನಲ್ಲಿ ಮುಕ್ತ ಪರವಾನಗಿಯಲ್ಲಿ ಸಿಗುತ್ತವೆ. ದುಡ್ಡು ತೆಗೆದುಕೊಂಡು ಮಾಡುವ ಮುದ್ರಣಕ್ಕೂ ಬಳಸಬಹುದು. ಹೆಸರಿನಲ್ಲಿ ‘ಪರ್ಸನಲ್ ಯೂಸ್’ ಅಥವಾ ‘ಡೆಮೊ’ ಅಂತ ಇರುವ ಇಂಗ್ಲಿಷ್ ಫಾಂಟ್‌ಗಳನ್ನು ಅಂಗಡಿ ಕೆಲಸಕ್ಕೆ ಬಳಸಬಾರದು. ಅವುಗಳಲ್ಲಿ ಅಂಕಿ, ಚಿಹ್ನೆಗಳೂ ಎಷ್ಟೋ ಸಲ ಇರುವುದಿಲ್ಲ. ಅವನ್ನು ಕಣ್ಣುಮುಚ್ಚಿ ತೆಗೆಯಿರಿ.

ಹೆಜ್ಜೆ 4: ಒಂದೇ ಫಾಂಟ್ ಹತ್ತು ಸಲ ಯಾಕೆ?

ಪಟ್ಟಿ ಉದ್ದವಾಗುವುದಕ್ಕೆ ದೊಡ್ಡ ಕಾರಣ ಹೊಸ ಫಾಂಟ್‌ಗಳಲ್ಲ, ಒಂದೇ ಫಾಂಟ್‌ನ ನಕಲುಗಳು.

ಗೂಗಲ್‌ನಿಂದ ಇಳಿಸಿದ ಜಿಪ್ ಫೈಲ್ ಬಿಚ್ಚಿದರೆ ಒಳಗೆ ಒಂದು ವೇರಿಯೇಬಲ್ ಫಾಂಟ್ ಇರುತ್ತದೆ, ಪಕ್ಕದಲ್ಲಿ ‘ಸ್ಟ್ಯಾಟಿಕ್’ ಅನ್ನುವ ಫೋಲ್ಡರ್. ವೇರಿಯೇಬಲ್ ಅಂದರೆ ತೆಳುವಿನಿಂದ ದಪ್ಪದವರೆಗೆ ಎಲ್ಲವೂ ಒಂದೇ ಫೈಲಿನಲ್ಲಿ. ಸ್ಟ್ಯಾಟಿಕ್ ಅಂದರೆ ಅದನ್ನೇ ಬಿಡಿಬಿಡಿ ಫೈಲ್ ಮಾಡಿದ್ದು. ಅನೇಕ್ ಕನ್ನಡದಲ್ಲಿ ದಪ್ಪ 100ರಿಂದ 800ರವರೆಗೆ, ಅಗಲ 75ರಿಂದ 125ರವರೆಗೆ ಬದಲಾಗುತ್ತದೆ. ಇವುಗಳ ಒಂದೊಂದು ಜೋಡಿಗೂ ಒಂದೊಂದು ಫೈಲ್ ಅಂದರೆ ಎಷ್ಟಾಗುತ್ತದೆ ನೋಡಿ. ಎರಡನ್ನೂ ಆರಿಸಿ ಹಾಕಿಬಿಟ್ಟರೆ ಪಟ್ಟಿಯಲ್ಲಿ ಅನೇಕ್ ಒಂದರದ್ದೇ ಒಂದು ಪುಟವಾಗುತ್ತದೆ. ಸಾಫ್ಟ್‌ವೇರ್ ಹೊಸದಿದ್ದರೆ ವೇರಿಯೇಬಲ್ ಫೈಲ್ ಒಂದೇ ಸಾಕು. ಹಳೆಯದಾದರೆ ಸ್ಟ್ಯಾಟಿಕ್‌ನಿಂದ ರೆಗ್ಯುಲರ್, ಬೋಲ್ಡ್, ಎಕ್ಸ್‌ಟ್ರಾ ಬೋಲ್ಡ್ ಇಷ್ಟು ಹಾಕಿ, ಉಳಿದದ್ದು ಗೋಡೌನ್‌ನಲ್ಲಿರಲಿ.

ಫೈಲ್ ಹೆಸರಿನ ಕೊನೆಗೆ ಅಂಡರ್‌ಸ್ಕೋರ್ ಮತ್ತು 0 ಅಥವಾ 1 ಇದ್ದರೆ ಅದೇ ಹೆಸರಿನ ಫೈಲನ್ನು ಯಾರೋ ಎರಡನೇ ಸಲ ಹಾಕಿದ್ದಾರೆ ಅಂತ ಅರ್ಥ. ಒಂದೇ ಫಾಂಟ್‌ನ ಎರಡು ಆವೃತ್ತಿ ಇದ್ದರೆ ಅಕ್ಷರಗಳ ಅಗಲ ಸ್ವಲ್ಪ ಬೇರೆ ಇರಬಹುದು. ನೆನ್ನೆ ಒಂದು ಸಾಲಿನಲ್ಲಿ ಕೂತ ಹೆಸರು ಇವತ್ತು ಎರಡನೇ ಸಾಲಿಗೆ ಇಳಿಯುವುದು ಹೀಗೇ. ಹಳೇ ಫೈಲ್ ತೆರೆದು ಎರಡನ್ನೂ ಹಾಕಿ ನೋಡಿ, ಸರಿ ಕೂರುವುದನ್ನು ಉಳಿಸಿಕೊಳ್ಳಿ.

ಟೈಪ್ 1 ಅನ್ನುವ ಇನ್ನೊಂದು ಹಳೇ ಜಾತಿ ಇದೆ. ವಿಂಡೋಸ್‌ನಲ್ಲಿ ಒಂದು ಫಾಂಟ್‌ಗೆ ಪಿಎಫ್‌ಬಿ, ಪಿಎಫ್‌ಎಂ ಅಂತ ಎರಡು ಫೈಲ್ ಇರುತ್ತವೆ. ಅಡೋಬಿ ತನ್ನ ಸಾಫ್ಟ್‌ವೇರ್‌ಗಳಲ್ಲಿ ಇವುಗಳ ಬೆಂಬಲವನ್ನು 2023ರ ಜನವರಿಯಲ್ಲಿ ನಿಲ್ಲಿಸಿದೆ. ಹೊಸ ಅಡೋಬಿ ಮಾತ್ರ ಬಳಸುವವರು ಇವನ್ನು ಗೋಡೌನ್‌ಗೆ ಕಳಿಸಬಹುದು.

ತೆಗೆಯುವ ವಿಧಾನ ಸರಳ. ಡಿಸೈನ್ ಸಾಫ್ಟ್‌ವೇರ್‌ಗಳನ್ನೆಲ್ಲ ಮುಚ್ಚಿ. ಇಲ್ಲದಿದ್ದರೆ ‘ಫಾಂಟ್ ಬಳಕೆಯಲ್ಲಿದೆ’ ಅಂತ ತಕರಾರು ಬರುತ್ತದೆ. ವಿಂಡೋಸ್‌ನ ಫಾಂಟ್ಸ್ ಫೋಲ್ಡರ್‌ನಲ್ಲಿ ಕಂಟ್ರೋಲ್ ಒತ್ತಿ ಹಿಡಿದು ಒಂದೊಂದೇ ಆರಿಸಿ, ಡಿಲೀಟ್ ಮಾಡಿ, ಕಂಪ್ಯೂಟರ್ ರೀಸ್ಟಾರ್ಟ್ ಮಾಡಿ. ಸೆಗೋ ಯುಐ, ಟಹೋಮಾ, ಏರಿಯಲ್, ನಿರ್ಮಲಾ ಯುಐ ಇವು ವಿಂಡೋಸ್‌ಗೇ ಬೇಕಾದವು, ಮುಟ್ಟಬೇಡಿ. ವಿಂಡೋಸ್ 8ರಿಂದ ಈಚೆಗೆ ಕನ್ನಡ ತೋರಿಸುವುದು ನಿರ್ಮಲಾ. ಯಾವುದಾದರೂ ಹೆಸರು ಗುರುತು ಸಿಗದಿದ್ದರೆ ಇರಲಿ ಬಿಡಿ.

ಫಾಂಟ್ಸ್ ಫೋಲ್ಡರ್‌ನಲ್ಲಿ ‘ಹೈಡ್’ ಅನ್ನುವ ಬಟನ್ ಇದೆಯಲ್ಲ ಅಂತ ಕೆಲವರು ಕೇಳುತ್ತಾರೆ. ಅದು ನೋಟ್‌ಪ್ಯಾಡ್‌ನಂಥ ಚಿಕ್ಕ ಪ್ರೋಗ್ರಾಂಗಳ ಪಟ್ಟಿಗೆ ಮಾತ್ರ ನಾಟುತ್ತದೆ. ಡಿಸೈನ್ ಸಾಫ್ಟ್‌ವೇರ್ ಅದನ್ನು ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ.

ಹೆಜ್ಜೆ 5: ಕೆಲಸಕ್ಕೊಂದು ಗುಂಪು

ಇಲ್ಲಿ ಫಾಂಟ್ ಮ್ಯಾನೇಜರ್ ಬೇಕು. ಫಾಂಟ್ ಅನ್ನು ಇನ್‌ಸ್ಟಾಲ್ ಮಾಡದೆಯೇ, ಬೇಕಾದಾಗ ಮಾತ್ರ ಚಾಲೂ ಮಾಡುವ ಸಾಫ್ಟ್‌ವೇರ್ ಇದು. ನೆಕ್ಸಸ್‌ಫಾಂಟ್ ವಿಂಡೋಸ್‌ಗೆ ಉಚಿತ. ಅದು ತೆರೆದಿರುವಷ್ಟು ಹೊತ್ತು ಆರಿಸಿದ ಗುಂಪಿನ ಫಾಂಟ್‌ಗಳು ಕೆಲಸ ಮಾಡುತ್ತವೆ, ಮುಚ್ಚಿದರೆ ಹೋಗುತ್ತವೆ. ಫಾಂಟ್‌ಬೇಸ್‌ನ ಉಚಿತ ಆವೃತ್ತಿ ವಿಂಡೋಸ್, ಮ್ಯಾಕ್, ಲಿನಕ್ಸ್ ಮೂರಕ್ಕೂ ಇದೆ. ಕೋರಲ್‌ಡ್ರಾ ಎಕ್ಸ್8 ಅಥವಾ ಅದಕ್ಕಿಂತ ಹೊಸದು ಇದ್ದರೆ ಅದರ ಜೊತೆಗೇ ಕೋರಲ್ ಫಾಂಟ್ ಮ್ಯಾನೇಜರ್ ಬಂದಿರುತ್ತದೆ. ಬಹಳ ಜನ ಅದನ್ನು ಒಮ್ಮೆಯೂ ತೆರೆದಿರುವುದಿಲ್ಲ. ಅದರಲ್ಲಿ ನಿಮ್ಮ ಗೋಡೌನ್ ಫೋಲ್ಡರ್ ಸೇರಿಸಿದರೆ ಅಲ್ಲಿರುವ ಫಾಂಟ್‌ಗಳನ್ನು ಇನ್‌ಸ್ಟಾಲ್ ಮಾಡದೆ ಕೋರಲ್‌ಡ್ರಾದಲ್ಲಿ ಬಳಸಬಹುದು.

ಮೂರರಲ್ಲಿ ಯಾವುದಾದರೂ ಒಂದನ್ನು ಮಾತ್ರ ಇಟ್ಟುಕೊಳ್ಳಿ. ಎರಡು ಮ್ಯಾನೇಜರ್ ಒಟ್ಟಿಗೆ ಇದ್ದರೆ ಯಾವ ಫಾಂಟ್ ಎಲ್ಲಿಂದ ಬರುತ್ತಿದೆ ಅಂತ ತಿಳಿಯುವುದಿಲ್ಲ.

ಗುಂಪುಗಳಿಗೆ ‘ಡೆಕೊರೇಟಿವ್’, ‘ಸೆರಿಫ್’ ಅಂತ ಹೆಸರಿಡಬೇಡಿ. ಕೆಲಸದ ಹೆಸರಿಡಿ: ಲಗ್ನಪತ್ರಿಕೆ, ಬ್ಯಾನರ್, ಬಿಲ್ ಬುಕ್ ಮತ್ತು ಲೆಟರ್‌ಹೆಡ್, ಪುಸ್ತಕ. ಗಿರಾಕಿ ಕೇಳುವುದು ಕೆಲಸದ ಹೆಸರನ್ನೇ ಅಲ್ವಾ? ಪ್ರತಿ ಗುಂಪಿನಲ್ಲಿ ಕನ್ನಡದ್ದು ಆರೋ ಎಂಟೋ, ಅದಕ್ಕೆ ಹೊಂದುವ ಇಂಗ್ಲಿಷ್ ಅಷ್ಟೇ. ಇದಕ್ಕಿಂತ ಜಾಸ್ತಿ ಬೇಕು ಅನ್ನಿಸಿದರೆ ಒಂದು ತೆಗೆದು ಒಂದು ಸೇರಿಸಿ. ಒಂದೇ ಫಾಂಟ್ ಎರಡು ಗುಂಪಿನಲ್ಲಿದ್ದರೂ ತೊಂದರೆ ಇಲ್ಲ.

ಹಳೇ ಕೆಲಸಗಳಿಗೆ ಬೇರೆ ಗುಂಪುಗಳು: ‘ಹಳೇದು ನುಡಿ ಬರಹ’, ‘ಹಳೇದು ಶ್ರೀಲಿಪಿ’, ‘ಹಳೇದು ಆಕೃತಿ’. ಹಳೇ ಫೈಲ್ ತೆರೆಯುವ ಮೊದಲು ಆ ಗುಂಪು ಚಾಲೂ ಮಾಡಿ, ಆಮೇಲೆ ಫೈಲ್ ತೆರೆಯಿರಿ. ಹೊಸ ಸಾಫ್ಟ್‌ವೇರ್‌ಗಳು ಚಾಲೂ ಮಾಡಿದ ಫಾಂಟ್ ಅನ್ನು ತಕ್ಷಣ ಹಿಡಿಯುತ್ತವೆ. ಹಳೆಯವನ್ನು ಮುಚ್ಚಿ ಮತ್ತೆ ತೆರೆಯಬೇಕು. ಶ್ರೀಲಿಪಿಯಂಥ ಲೈಸೆನ್ಸ್ ಇರುವ ಸಾಫ್ಟ್‌ವೇರ್‌ನ ಫಾಂಟ್‌ಗಳನ್ನು ಆ ಲೈಸೆನ್ಸ್ ಇರುವ ಯಂತ್ರದಲ್ಲಿ ಮಾತ್ರ ಇಡಿ.

ಪಟ್ಟಿಯ ಮೇಲ್ಭಾಗಕ್ಕೆ ಬರಲಿ ಅಂತ ಫಾಂಟ್‌ನ ಒಳಹೆಸರಿಗೆ ಮುಂದೆ ‘ಎ’ ಸೇರಿಸಿ ತಿದ್ದುವವರಿದ್ದಾರೆ. ದಯವಿಟ್ಟು ಬೇಡ. ಅಲ್ಲಿಂದ ಮುಂದೆ ಹಳೇ ಫೈಲುಗಳಿಗೆ ಆ ಫಾಂಟ್ ಸಿಗುವುದಿಲ್ಲ, ಬೇರೆ ಅಂಗಡಿಗೆ ಕಳಿಸಿದ ಫೈಲೂ ಅಲ್ಲಿ ಕೆಡುತ್ತದೆ.

ಸಾಫ್ಟ್‌ವೇರ್ ಒಳಗೇ ಮಾಡಬಹುದಾದ್ದು

ಮ್ಯಾನೇಜರ್ ಹಾಕಲು ಮನಸ್ಸಿಲ್ಲದಿದ್ದರೂ ಇಷ್ಟು ಮಾಡಿ. ಫೋಟೋಶಾಪ್, ಇನ್‌ಡಿಸೈನ್, ಇಲ್ಲಸ್ಟ್ರೇಟರ್‌ನ ಹೊಸ ಆವೃತ್ತಿಗಳಲ್ಲಿ ಪ್ರತಿ ಫಾಂಟ್ ಪಕ್ಕದಲ್ಲಿ ನಕ್ಷತ್ರ ಇದೆ. ಅದನ್ನು ಒತ್ತಿ, ಮೇಲಿನ ನಕ್ಷತ್ರದಿಂದ ಸೋಸಿದರೆ ಒತ್ತಿದ್ದು ಮಾತ್ರ ಉಳಿಯುತ್ತದೆ. ಫಾಂಟ್ ಹೆಸರಿನ ಪೆಟ್ಟಿಗೆಯಲ್ಲಿ ಹೆಸರಿನ ತುಂಡು ಹೊಡೆದರೂ ಹುಡುಕುತ್ತದೆ. ಕೋರಲ್‌ಡ್ರಾ ಎಕ್ಸ್8ರ ನಂತರ ಪಟ್ಟಿಯಲ್ಲೇ ಸೋಸುವ ಬಟನ್ ಇದೆ. ಇಂಕ್‌ಸ್ಕೇಪ್ ಬಳಸುವವರಿಗೆ 2023ರ 1.3 ಆವೃತ್ತಿಯಿಂದ ಫಾಂಟ್ ಕಲೆಕ್ಷನ್ಸ್ ಬಂದಿದೆ. ಮ್ಯಾಕ್‌ನಲ್ಲಿ ಫಾಂಟ್ ಬುಕ್ ತೆರೆದು ಬೇಡದ್ದನ್ನು ಡಿಸೇಬಲ್ ಮಾಡಿದರೆ ಸಾಕು, ಅಳಿಸಬೇಕಿಲ್ಲ.

ಫೋಟೋಶಾಪ್‌ನಲ್ಲಿ ಪಟ್ಟಿ ತೆರೆಯುವುದೇ ನಿಧಾನ ಅನ್ನಿಸಿದರೆ ಟೈಪ್ ಮೆನುವಿನಲ್ಲಿ ‘ಫಾಂಟ್ ಪ್ರಿವ್ಯೂ ಸೈಜ್’ ಅನ್ನು ‘ನನ್’ (None, ಅಂದರೆ ಬೇಡ) ಮಾಡಿ. ಆಸ್ಕಿ ಫಾಂಟ್ ಬಳಸುವವರಿಗೆ ಆ ಪ್ರಿವ್ಯೂ ಹೇಗೂ ಓದಲು ಬರುವುದಿಲ್ಲ.

‘ಫಾಂಟ್ ಮಿಸ್ಸಿಂಗ್’ ಅಂದಾಗ ಏನು ಒತ್ತಬೇಕು

ಎಷ್ಟೇ ಜೋಡಿಸಿದರೂ ಒಂದು ದಿನ ಈ ಕಿಟಕಿ ಬರುತ್ತದೆ. ಅವಸರದಲ್ಲಿ ‘ರಿಪ್ಲೇಸ್’ ಅಥವಾ ‘ಪರ್ಮನೆಂಟ್’ ಒತ್ತಿ ಸೇವ್ ಮಾಡಿಬಿಟ್ಟರೆ ಮೊದಲಿದ್ದ ಫಾಂಟ್ ಯಾವುದು ಅನ್ನುವ ಗುರುತೇ ಫೈಲಿನಿಂದ ಹೋಗುತ್ತದೆ. ಕೋರಲ್‌ಡ್ರಾದಲ್ಲಿ ‘ಟೆಂಪರರಿ’ ಆರಿಸಿ. ಬೇರೆಯವುಗಳಲ್ಲಿ ಬದಲಾಯಿಸದೆ ಮುಂದೆ ಹೋಗಿ. ಕಿಟಕಿಯಲ್ಲಿ ಕಾಣುವ ಫಾಂಟ್ ಹೆಸರನ್ನು ಬರೆದುಕೊಂಡು, ಫೈಲನ್ನು ಸೇವ್ ಮಾಡದೆ ಮುಚ್ಚಿ, ಗೋಡೌನ್‌ನಲ್ಲಿ ಹುಡುಕಿ ಚಾಲೂ ಮಾಡಿ, ಮತ್ತೆ ತೆರೆಯಿರಿ.

ಆ ಫಾಂಟ್ ಎಲ್ಲೂ ಸಿಗದಿದ್ದರೆ, ಮ್ಯಾಟರ್ ನುಡಿ ಅಥವಾ ಬರಹದ್ದಾದರೆ ‘ಹಳೇದು ನುಡಿ ಬರಹ’ ಗುಂಪಿನ ಯಾವುದಾದರೂ ಫಾಂಟ್ ಹಾಕಿ ಓದುವ ಹಾಗೆ ಮಾಡಿಕೊಳ್ಳಿ. ನುಡಿ ಮತ್ತು ಬರಹ ಎರಡರಲ್ಲೂ ಆಸ್ಕಿಯಿಂದ ಯೂನಿಕೋಡ್‌ಗೆ ಬದಲಿಸುವ ಸೌಲಭ್ಯ ಇದೆ. ವರ್ಷ ವರ್ಷ ಬರುವ ಕೆಲಸವನ್ನು ಈ ನೆಪದಲ್ಲಿ ಯೂನಿಕೋಡ್‌ಗೆ ತಂದುಬಿಡುವುದು ಒಳ್ಳೆಯದು. ಬದಲಿಸಿದ ಮೇಲೆ ಪ್ರೂಫ್ ಓದಲೇಬೇಕು. ಅರ್ಕಾವತ್ತು, ಅಂಕಿ, ಮಧ್ಯೆ ಬಂದ ಇಂಗ್ಲಿಷ್ ಪದ, ಈ ಮೂರು ಕಡೆ ತಪ್ಪು ನುಸುಳುತ್ತದೆ.

ಫೈಲ್ ಕಳಿಸುವಾಗ, ಎತ್ತಿಡುವಾಗ

ಪ್ರೆಸ್‌ಗೆ ಕಳಿಸುವ ಫೈಲನ್ನು ಕರ್ವ್ ಮಾಡುವುದು, ಅಂದರೆ ಅಕ್ಷರಗಳನ್ನು ಚಿತ್ರದ ಗೆರೆಗಳಾಗಿ ಬದಲಿಸುವುದು, ಎಲ್ಲರಿಗೂ ಗೊತ್ತು. ಕೋರಲ್‌ಡ್ರಾದಲ್ಲಿ ಕಂಟ್ರೋಲ್ ಮತ್ತು ಕ್ಯೂ. ಆದರೆ ಕರ್ವ್ ಮಾಡಿದ್ದನ್ನು ಬೇರೆ ಹೆಸರಿನಲ್ಲಿ ಸೇವ್ ಮಾಡಿ. ಕರ್ವ್ ಆದ ಅಕ್ಷರವನ್ನು ಮುಂದಿನ ಸಲ ತಿದ್ದಲು ಆಗುವುದಿಲ್ಲ.

ಎತ್ತಿಡುವ ಫೈಲಿನ ಜೊತೆ ಅದರ ಫಾಂಟ್‌ಗಳೂ ಅದೇ ಫೋಲ್ಡರ್‌ನಲ್ಲಿರಲಿ. ಕೋರಲ್‌ಡ್ರಾದಲ್ಲಿ ಫೈಲ್ ಮೆನುವಿನ ‘ಕಲೆಕ್ಟ್ ಫಾರ್ ಔಟ್‌ಪುಟ್’ ಇದನ್ನು ಮಾಡಿಕೊಡುತ್ತದೆ. ಇನ್‌ಡಿಸೈನ್‌ನಲ್ಲಿ ‘ಪ್ಯಾಕೇಜ್’. ಇನ್‌ಡಿಸೈನ್‌ನದು ಇನ್ನೂ ಅನುಕೂಲ: ಫೈಲಿನ ಪಕ್ಕದಲ್ಲಿ ‘ಡಾಕ್ಯುಮೆಂಟ್ ಫಾಂಟ್ಸ್’ ಅನ್ನುವ ಫೋಲ್ಡರ್ ಇದ್ದರೆ, ಆ ಫೈಲ್ ತೆರೆದಾಗ ಅದರೊಳಗಿನ ಫಾಂಟ್‌ಗಳು ತಾವಾಗಿಯೇ ಚಾಲೂ ಆಗುತ್ತವೆ, ಬೇರೆ ಫೈಲುಗಳ ಪಟ್ಟಿಗೆ ಬರುವುದೇ ಇಲ್ಲ. ಈ ಒಂದು ಅಭ್ಯಾಸ ಬಂದರೆ ‘ಹಳೇದು’ ಗುಂಪುಗಳು ವರ್ಷದಿಂದ ವರ್ಷಕ್ಕೆ ಚಿಕ್ಕದಾಗುತ್ತವೆ.

ಗಿರಾಕಿ ಪೆನ್‌ಡ್ರೈವ್‌ನಲ್ಲಿ ಫಾಂಟ್ ತಂದರೆ ನೇರ ಇನ್‌ಸ್ಟಾಲ್ ಮಾಡಬೇಡಿ. ವೈರಸ್ ಸ್ಕ್ಯಾನ್ ಮಾಡಿ, ಆ ಕೆಲಸದ ಫೋಲ್ಡರ್‌ಗೆ ಕಾಪಿ ಮಾಡಿ, ಮ್ಯಾನೇಜರ್‌ನಿಂದ ಚಾಲೂ ಮಾಡಿ, ಕೆಲಸ ಮುಗಿದ ಮೇಲೆ ಆಫ್ ಮಾಡಿ. ಅಂಗಡಿಯಲ್ಲಿ ಎರಡು ಕಂಪ್ಯೂಟರ್ ಇದ್ದರೆ ಗೋಡೌನ್ ಫೋಲ್ಡರ್ ಎರಡರಲ್ಲೂ ಒಂದೇ ಇರಬೇಕು. ಒಂದರಲ್ಲಿ ಹೊಸ ಫಾಂಟ್ ಸೇರಿಸಿದ ದಿನವೇ ಇನ್ನೊಂದಕ್ಕೂ ಹಾಕಿ, ಲ್ಯಾಮಿನೇಟ್ ಮಾಡಿದ ಹಾಳೆಗೂ ಅದರ ಸಾಲು ಸೇರಿಸಿ. ಕಂಪ್ಯೂಟರ್ ಫಾರ್ಮ್ಯಾಟ್ ಮಾಡಿಸಲು ಕೊಡುವಾಗ ಡಿ ಡ್ರೈವ್ ಉಳಿಸಲು ಹೇಳಿ, ಹೊರಗಿನ ನಕಲು ಸರಿಯಾಗಿ ತೆರೆಯುತ್ತದೆಯೇ ಅಂತ ಮೊದಲೇ ನೋಡಿಕೊಂಡು ಆಮೇಲೆ ಕೊಡಿ.